ದೀಪದ ಮೇಲೆ ತಪ್ಪು ಹೊರಿಸುವ ಮೊದಲು

ಗಾಡಿಯ ಹಿಂಬದಿಯ ಎಲ್‌ಇಡಿ ದೀಪ ಮಂಕಾಗಿ ಉರಿದರೆ ಸಾಕು, "ದೀಪವೇ ಸರಿಯಿಲ್ಲ, ಬೇರೆ ಹಾಕೋಣ" ಎಂದುಬಿಡುವವರ ಮೇಲೆ ನನಗೆ ಇವತ್ತು ಸಿಟ್ಟು ನೆತ್ತಿಗೇರಿದೆ. ದೀಪಕ್ಕೆ ಎಷ್ಟು ವೋಲ್ಟ್ ತಲುಪುತ್ತಿದೆ ಎಂದು ಅದು ಉರಿಯುತ್ತಿರುವಾಗಲೇ ಅಳೆಯುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಚಹಾ ಆರುವಷ್ಟು ಹೊತ್ತೂ ಬೇಡ. ಆದರೂ ಅಳೆಯುವುದಿಲ್ಲ.

ಕಾಸರಗೋಡು ಜಿಲ್ಲೆಯ ಪೆರ್ಲದ ಆಚೆ ನಮ್ಮ ಭಾವನ ಅಡಿಕೆ ತೋಟವಿದೆ. ಆ ಇಳಿಜಾರಿಗೆ, ಮುರಕಲ್ಲಿನ ಕಡಿದಾದ ದಾರಿಗೆ ಎಟಿವಿ (ಒರಟು ದಾರಿಯಲ್ಲಿ ಓಡುವ, ದಪ್ಪ ಟೈರಿನ ನಾಲ್ಕು ಚಕ್ರದ ಸಣ್ಣ ಗಾಡಿ) ನಿಜವಾಗಿಯೂ ಒಳ್ಳೆಯದು. ಗೊಬ್ಬರ, ಅಡಿಕೆ ಗೊನೆ, ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣದ ಡ್ರಮ್ಮು ಎಲ್ಲವೂ ಅದರಲ್ಲೇ ಹೋಗುತ್ತವೆ. ಗಾಡಿಯ ಜೊತೆಗೆ ಬಂದ ಹಿಂಬದಿಯ ದೀಪ (ಟೇಲ್ ಲೈಟ್) ಒಡೆದ ಮೇಲೆ ಭಾವ ಆನ್‌ಲೈನ್‌ನಲ್ಲಿ ಒಂದು ಎಲ್‌ಇಡಿ ದೀಪ ತರಿಸಿ ಹಾಕಿಸಿದ್ದರು. ಮೊದಲ ದಿನದಿಂದಲೇ ಅದು ಮಂಕು. ಬ್ರೇಕ್ ಒತ್ತಿದರೂ ಬೆಳಕು ಹೆಚ್ಚಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ದೀಪ ಬದಲಾಯಿಸಿದರು. ಹೊಸದೂ ಅಷ್ಟೇ ಮಂಕಾಯಿತು.

ಆ ಅಂಗಡಿಯವರು ಅಳೆಯಲೇ ಇಲ್ಲವೆಂದರೆ ತಪ್ಪಾಗುತ್ತದೆ. ದೀಪವನ್ನು ಬಿಚ್ಚಿ, ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿದು, "ನೋಡಿ, ಹನ್ನೆರಡು ವೋಲ್ಟ್ ಬರುತ್ತಿದೆ, ವಯರಿಂಗ್ ಸರಿಯಿದೆ" ಎಂದು ತೋರಿಸಿದ್ದರಂತೆ. ನನ್ನ ಸಿಟ್ಟಿಗೆ ಕಾರಣ ಈ ಅಳತೆಯೇ. ಮಲ್ಟಿಮೀಟರ್ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಕಸ ಕಟ್ಟಿದ ಪೈಪಿನ ತುದಿಯ ವಾಲ್ವ್ ಮುಚ್ಚಿ ಒತ್ತಡ ನೋಡಿದರೆ ಗೇಜಿನಲ್ಲಿ ಪೂರ್ತಿ ಒತ್ತಡ ಕಾಣಿಸುತ್ತದೆ, ವಾಲ್ವ್ ತೆರೆದರೆ ನೀರು ಹನಿಹನಿಯಾಗಿ ಬರುತ್ತದೆ. ತುಕ್ಕು ಹಿಡಿದ ಜಾಯಿಂಟಿನಲ್ಲಿಯೂ ನಡೆಯುವುದು ಇದೇ. ಹೊರೆ ಇಲ್ಲದೆ, ಅಂದರೆ ದೀಪ ಉರಿಯದಿರುವಾಗ, ಅಳೆದ ಹನ್ನೆರಡು ವೋಲ್ಟಿಗೆ ಬೆಲೆಯಿಲ್ಲ. ಪಂಪ್‌ಸೆಟ್ ರಿಪೇರಿ ಮಾಡುತ್ತಲೇ ತಲೆಗೂದಲು ನೆರೆದವನು ನಾನು. ಈ ಮಾತನ್ನು ಎಷ್ಟು ಜನರಿಗೆ ಹೇಳಿದರೂ ನನಗೆ ಬೇಸರವಾಗುವುದಿಲ್ಲ.

ಇವತ್ತು ದೀಪವನ್ನು ಉರಿಯಲು ಬಿಟ್ಟೇ ಅಳೆದೆ. ಬ್ಯಾಟರಿಯಲ್ಲಿ 12.5 ವೋಲ್ಟ್ ಇತ್ತು, ದೀಪದ ಎರಡು ತುದಿಗಳ ನಡುವೆ 8.9 ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಬ್ಯಾಟರಿಯ ಪಾಸಿಟಿವ್‌ನಿಂದ ದೀಪದ ಪಾಸಿಟಿವ್‌ಗೆ ಮೀಟರ್ ಹಿಡಿದರೆ 0.2. ಅದರಲ್ಲಿ ದೋಷವಿಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ದೀಪದ ಅರ್ತ್ ವಯರಿಗೆ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ವಯರ್) ಹಿಡಿದರೆ 3.4! ಅರ್ತ್ ಕಡೆಯಲ್ಲಿ ಇಷ್ಟೊಂದು ವೋಲ್ಟೇಜ್ ನಷ್ಟವಾದರೆ ಯಾವ ದೀಪ ತಾನೇ ಬೆಳಗೀತು? ಕೆಂಪು ಎಲ್‌ಇಡಿ ಒಂದಕ್ಕೆ ಸುಮಾರು ಎರಡು ವೋಲ್ಟ್ ಬೇಕು. ಇಂಥ ದೀಪಗಳಲ್ಲಿ ಮೂರನ್ನು ಸಾಲಾಗಿ ಜೋಡಿಸಿ, ಕರೆಂಟನ್ನು ಮಿತಿಯಲ್ಲಿಡಲು ಒಂದು ರೆಸಿಸ್ಟರ್ ಹಾಕುವುದು ಸಾಮಾನ್ಯ. ಮೂರು ಎಲ್‌ಇಡಿಗಳಿಗೆ ಆರು ವೋಲ್ಟ್ ಹೋದ ಮೇಲೆ ರೆಸಿಸ್ಟರಿಗೆ ಉಳಿಯಬೇಕಾದದ್ದು ಆರೂವರೆ, ಉಳಿಯುತ್ತಿದ್ದದ್ದು ಮೂರಕ್ಕೂ ಕಡಿಮೆ. ಅಂದರೆ ಕರೆಂಟ್ ಅರ್ಧಕ್ಕಿಂತ ಕೆಳಗೆ. ಬ್ರೇಕ್ ಒತ್ತಿದಾಗ ಬೆಳಕು ಹೆಚ್ಚದಿರುವುದಕ್ಕೂ ಇದೇ ಕಾರಣ. ಹೆಚ್ಚು ಕರೆಂಟ್ ಹರಿಯಲು ಹೊರಟಷ್ಟೂ ಆ ಕೆಟ್ಟ ಜಾಯಿಂಟ್ ಹೆಚ್ಚು ವೋಲ್ಟೇಜ್ ತಿನ್ನುತ್ತದೆ.

ಎಟಿವಿಯ ಹಿಂಭಾಗ ಇಡೀ ಪ್ಲಾಸ್ಟಿಕ್. ದೀಪವನ್ನು ಎಷ್ಟೇ ಬಿಗಿಯಾಗಿ ಕೂರಿಸಿದರೂ ಮಡ್‌ಗಾರ್ಡಿನಿಂದ ಅರ್ತ್ ಸಿಗುವುದಿಲ್ಲ. ಬ್ಯಾಟರಿಯ ನೆಗೆಟಿವ್ ಸೇರಿರುವ ಕಬ್ಬಿಣದ ಚಾಸಿಸ್‌ಗೆ ಪ್ರತ್ಯೇಕ ವಯರ್ ಎಳೆಯಬೇಕು. ಮೊದಲು ದೀಪ ಹಾಕಿದವರು ಎಳೆದಿದ್ದರು, ಆದರೆ ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿದ್ದರು. ಆ ಬೋಲ್ಟಿನ ನೇರ ಮೇಲೆಯೇ ಡ್ರಮ್ಮು ಕೂರುವ ಜಾಗ. ಮೈಲುತುತ್ತಿನ ನೀರು ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂದು ಕೊಳೆರೋಗಕ್ಕೆ ಮದ್ದು ಹೊಡೆಯುವ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ ನಮ್ಮ ಮಳೆಗಾಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆ. ಬೋಲ್ಟ್ ಬಿಚ್ಚಿದಾಗ ವಯರಿನ ತುದಿ ಹಸಿರುಪುಡಿಯಾಗಿ ಕೈಗೆ ಬಂತು.

"ಅಗ್ಗದ ದೀಪ, ಅದರಿಂದ ಎಷ್ಟು ಬೆಳಕು ನಿರೀಕ್ಷಿಸುತ್ತೀರಿ?" ಎಂದು ಕೇಳುವವರಿದ್ದಾರೆ. ಅಗ್ಗದ ದೀಪಗಳಲ್ಲಿ ಕಳಪೆಯವು ಇವೆ, ಒಪ್ಪುತ್ತೇನೆ. ಆದರೆ ಅದು ಕಳಪೆಯೋ ಅಲ್ಲವೋ ಎಂದು ತಿಳಿಯುವ ದಾರಿ ಇದೆಯಲ್ಲ! ದೀಪವನ್ನು ಬಿಚ್ಚಿ ಎರಡು ವಯರಿನಿಂದ ನೇರವಾಗಿ ಬ್ಯಾಟರಿಗೆ ಹಿಡಿಯಿರಿ. ಅಲ್ಲಿ ಝಗ್ಗನೆ ಉರಿದರೆ ದೀಪದ ತಪ್ಪಲ್ಲ. ಅಲ್ಲಿಯೂ ಮಂಕಾದರೆ ಸಂತೋಷದಿಂದ ಎಸೆಯಿರಿ. ಈ ಒಂದು ಕೆಲಸ ಮಾಡದೆ ಅಗ್ಗದ ಮಾಲು ಎಂದು ದೂರುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಇದಕ್ಕಿಂತ ಹೆಚ್ಚು ಕೆರಳಿಸಿದ್ದು ಲೋಡ್ ರೆಸಿಸ್ಟರಿನ ಕಥೆ. ಹೊಸ ದೀಪವೂ ಮಂಕಾದಾಗ, "ಎಲ್‌ಇಡಿಗೆ ಇದು ಬೇಕಾಗುತ್ತದೆ" ಎಂದು ಆರು ಓಮಿನ ಒಂದು ರೆಸಿಸ್ಟರನ್ನೂ ಅಂಗಡಿಯವರು ಮಾರಿದ್ದಾರೆ. ಇಂಡಿಕೇಟರ್ ಅತಿ ವೇಗವಾಗಿ ಮಿಟುಕಿದಾಗ ಅದಕ್ಕೆ ಹಾಕುವ ವಸ್ತು ಅದು, ಹಿಂಬದಿಯ ದೀಪಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದೇ ಕೆಟ್ಟ ಅರ್ತಿಗೆ ಇನ್ನೊಂದು ಹೊರೆ ಸೇರಿಸಿದರೆ ಏನಾಗಬೇಕೋ ಅದೇ ಆಯಿತು, ದೀಪ ಹೆಚ್ಚುಕಡಿಮೆ ಆರಿಯೇ ಹೋಯಿತು. ಆಗ ಬ್ಯಾಟರಿ ಹಾಳಾಗಿದೆ ಎಂದರಂತೆ. ಒಂದು ವೇಳೆ ಅರ್ತ್ ಸರಿಯಿದ್ದಿದ್ದರೆ ಆ ರೆಸಿಸ್ಟರ್ ಎರಡು ಆಂಪಿಯರ್ ಎಳೆದು, ಪ್ಲಾಸ್ಟಿಕ್ ಮಡ್‌ಗಾರ್ಡಿನ ಕೆಳಗೆ ಇಪ್ಪತ್ತನಾಲ್ಕು ವಾಟ್ ಶಾಖ ಬಿಡುತ್ತಾ ಕೂತಿರುತ್ತಿತ್ತು. ಗೊತ್ತಿಲ್ಲದವರಿಗೆ ಹೀಗೆ ಮಾರುವುದು ಅನ್ಯಾಯ, ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಮನಸ್ಸಿಲ್ಲ.

ತೋಟದೊಳಗೆ ಓಡುವ ಗಾಡಿಗೆ ಹಿಂಬದಿಯ ದೀಪದ ಬಗ್ಗೆ ಇಷ್ಟು ತಲೆಬಿಸಿ ಯಾಕೆ ಎಂದು ಮನೆಯಲ್ಲೂ ಕೇಳಿದರು. ಹೇಳಿಬಿಡುತ್ತೇನೆ. ನನಗೆ ಮಳೆಗಾಲದ ಸಂಜೆಯ ಇಳಿಜಾರು ಎಂದರೆ ಭಯ. ಚಿಕ್ಕಂದಿನಿಂದಲೂ ಇದೆ, ಹೋಗಿಲ್ಲ. ಎಟಿವಿ ಮುಂದೆ ಇಳಿಯುತ್ತದೆ, ಹಿಂದೆ ಗೊನೆ ತುಂಬಿದ ಪಿಕಪ್ ಬರುತ್ತದೆ, ಜಡಿಮಳೆಯಲ್ಲಿ ಪಿಕಪ್‌ನವನಿಗೆ ಮುಂದೆ ಕಾಣಬೇಕಾದದ್ದು ಆ ಕೆಂಪು ಬೆಳಕೊಂದೇ. ಎಟಿವಿಯಲ್ಲಿ ಕೂತಿರುವವನು ನನ್ನ ಅಳಿಯ, ಇನ್ನೂ ಇಪ್ಪತ್ತು ತುಂಬದ ಹುಡುಗ.

ರಿಪೇರಿಯಲ್ಲಿ ದೊಡ್ಡದೇನೂ ಇಲ್ಲ. ಚಾಸಿಸ್‌ನ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಹೊಸ ವಯರಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಒತ್ತಿ, ಬಿಗಿದು, ಮೇಲೆ ಗ್ರೀಸ್ ಬಳಿದೆ. ಈಗ ಅರ್ತ್ ಕಡೆಯ ನಷ್ಟ 0.1 ವೋಲ್ಟ್ ಕೂಡ ಇಲ್ಲ. ಮೀಟರ್ ಇಲ್ಲದವರು ಹಳೆಯ 21 ವಾಟಿನ ಬ್ರೇಕ್ ಬಲ್ಬನ್ನು ಎರಡು ವಯರಿಗೆ ಬೆಸೆದು ಇಟ್ಟುಕೊಳ್ಳಿ. ದೀಪದ ಕನೆಕ್ಟರಿಗೆ ಹಿಡಿದಾಗ ಅದು ಪೂರ್ತಿ ಬೆಳಗದಿದ್ದರೆ ದೋಷ ವಯರಿಂಗಿನದ್ದು.

ಅರ್ತ್ ಸರಿಯಿದ್ದೂ ಮಂಕಾದರೆ ಬೇರೆ ಕಾರಣಗಳಿವೆ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಬಲ್ಬ್ ಹಾಕಬೇಡಿ, ಅದರ ಬೆಳಕಿನ ಬಹುಪಾಲನ್ನು ಕೆಂಪು ಗಾಜು ತಡೆದುಬಿಡುತ್ತದೆ, ಕೆಂಪು ಎಲ್‌ಇಡಿಯನ್ನೇ ಹಾಕಿ. ಟೇಲ್ ಮತ್ತು ಬ್ರೇಕ್ ವಯರ್ ಅದಲುಬದಲಾಗಿಲ್ಲವೇ ನೋಡಿ. ಕೆಲವು ಸಣ್ಣ ಗಾಡಿಗಳಲ್ಲಿ ದೀಪಕ್ಕೆ ಬ್ಯಾಟರಿಯಿಂದಲ್ಲ, ನೇರವಾಗಿ ಎಂಜಿನ್ನಿನ ಮ್ಯಾಗ್ನೆಟ್ ಕಾಯಿಲ್‌ನಿಂದ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್, ಹೋಗುತ್ತದೆ. ಅಲ್ಲಿ ಎಲ್‌ಇಡಿ ಅರ್ಧ ಹೊತ್ತು ಮಾತ್ರ ಉರಿಯುತ್ತದೆ, ಎಂಜಿನ್ ನಿಧಾನವಾದಾಗ ಮಿಣುಕುತ್ತದೆ.

ಅಂಗಡಿಯವರು ಹಾಳಾಗಿದೆ ಎಂದು ಬಿಚ್ಚಿ ಕೊಟ್ಟ ಮೊದಲ ದೀಪ ನನ್ನ ಬಳಿ ಇದೆ. ಬ್ಯಾಟರಿಗೆ ಹಿಡಿದು ನೋಡಿದೆ, ಹಗಲಲ್ಲೇ ಕಣ್ಣು ಕುಕ್ಕುತ್ತದೆ. ಬದಿಯಡ್ಕ, ಪೆರ್ಲ ಕಡೆಯವರು ಯಾರಿಗಾದರೂ ಟ್ರೇಲರಿಗೋ ಟಿಲ್ಲರಿಗೋ ಬೇಕಿದ್ದರೆ ಬಂದು ಒಯ್ಯಿರಿ, ದುಡ್ಡು ಬೇಡ. ಅರ್ತ್ ವಯರನ್ನು ನನ್ನ ಕಣ್ಣೆದುರಿಗೇ ಹಾಕಿಸಿಕೊಂಡು ಹೋಗಬೇಕು, ಅಷ್ಟೇ.