ಪರ-ವಿರೋಧ: ಬೀದಿಯಲ್ಲಿ ಬಿದ್ದ ಶಾಪಿಂಗ್ ಟ್ರಾಲಿಗೆ ಅಂಗಡಿಯೇ ದಂಡ ಕಟ್ಟಬೇಕಾ?

ಪರ: ಕಟ್ಟಲೇಬೇಕು

ಟ್ರಾಲಿ ಹುಟ್ಟಿದ್ದೇ ಅಂಗಡಿಯವರ ಲಾಭಕ್ಕೆ. 1937ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಸೂಪರ್‌ಮಾರ್ಕೆಟ್ ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್ ಒಂದು ವಿಷಯ ಗಮನಿಸಿದ. ಕೈಬುಟ್ಟಿ ಭಾರವಾದ ಕೂಡಲೇ ಜನ ಕೊಳ್ಳುವುದನ್ನು ನಿಲ್ಲಿಸುತ್ತಿದ್ದರು. ಮಡಚುವ ಕುರ್ಚಿಯ ಮಾದರಿಯಲ್ಲಿ ಚೌಕಟ್ಟು ಮಾಡಿಸಿ, ಚಕ್ರ ಹಾಕಿ, ಅದರ ಮೇಲೆ ಬುಟ್ಟಿ ಇಡಿಸಿದ. ಕೈಯಲ್ಲಿ ಹೊರಲಾಗದಷ್ಟು ನಾವು ಕೊಳ್ಳಬೇಕು, ಟ್ರಾಲಿಯ ಕೆಲಸ ಇವತ್ತಿಗೂ ಅದೇ. ಸರಿ, ನಡೆದು ಬಂದವರು ಅಷ್ಟೆಲ್ಲ ಕೊಂಡ ಮೇಲೆ ಮನೆಗೆ ಹೇಗೆ ಒಯ್ಯಬೇಕು? ಅಂಗಡಿಗೆ ಅದರ ಚಿಂತೆಯೇ ಇಲ್ಲ.

ತಡೆಯಲು ದಾರಿ ಇಲ್ಲ ಅಂತಲ್ಲ. ಆವರಣದ ಅಂಚಿನ ಉದ್ದಕ್ಕೂ ನೆಲದಡಿ ತಂತಿ ಹೂಳುವ ವ್ಯವಸ್ಥೆ ಇದೆ. ಅದನ್ನು ದಾಟುತ್ತಲೇ ಟ್ರಾಲಿಯ ಚಕ್ರ ಬಿಗಿದುಕೊಳ್ಳುತ್ತದೆ. ಅಷ್ಟು ಖರ್ಚು ಬೇಡ ಅಂದರೆ ನಾಣ್ಯದ ಬೀಗ ಇದೆ. ನಾಣ್ಯ ಹಾಕಿದರೆ ಸರಪಳಿ ಬಿಡುತ್ತದೆ, ಟ್ರಾಲಿ ತಂದು ಸಿಕ್ಕಿಸಿದರೆ ನಾಣ್ಯ ವಾಪಸ್. ಇದ್ಯಾವುದನ್ನೂ ಮಾಡದೆ, ಪೌರಕಾರ್ಮಿಕರು ಎಳೆದು ಹಾಕಲಿ ಅಂತ ಸುಮ್ನೆ ಕೂರುವುದು ಯಾವ ನ್ಯಾಯ?

ನಮ್ಮ ಅತ್ತೆಗೆ ಕಣ್ಣು ಕಾಣುವುದಿಲ್ಲ. ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡುತ್ತಾರೆ. ಒಂದು ದಿನ ಫುಟ್‌ಪಾತ್ ಮೇಲೆ ಯಾರೋ ಟ್ರಾಲಿಯನ್ನು ಅಡ್ಡ ಬಿಟ್ಟು ಹೋಗಿದ್ದರು. ಅತ್ತೆಯ ಕೋಲು ಬುಟ್ಟಿಯ ಕೆಳಗೆ, ಎರಡು ಚಕ್ರಗಳ ನಡುವೆ ಏನಕ್ಕೂ ತಗುಲದೆ ಆಡಿತು. ದಾರಿ ಖಾಲಿ ಇದೆ ಅಂದುಕೊಂಡು ಹೆಜ್ಜೆ ಇಟ್ಟರು. ಬುಟ್ಟಿಯ ಕಬ್ಬಿಣದ ಅಂಚು ನೇರ ಪಕ್ಕೆಗೆ ಬಡಿಯಿತು. ಆ ನೀಲಿ ಕಲೆ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಅಂಗಡಿಗೆ ಫೋನ್ ಮಾಡಿದರೆ, "ಆವರಣದ ಹೊರಗಿನದಕ್ಕೆ ನಾವು ಜವಾಬ್ದಾರರಲ್ಲ" ಅಂದರು. ಟ್ರಾಲಿಯ ಹಿಡಿಯ ಮೇಲೆ ಅವರದೇ ಹೆಸರಿತ್ತು! ದಂಡ ಕಟ್ಟುವ ಹಾಗಾದರೆ ಈ ಉತ್ತರ ಬಾಯಿಗೆ ಬರುವುದಿಲ್ಲ.

ವಿರೋಧ: ಒಯ್ದವರನ್ನು ಹಿಡಿಯಿರಿ

ದಾರಿಯಲ್ಲಿ ಟ್ರಾಲಿ ಬಿಡುವುದು ತಪ್ಪು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆ ಹಿರಿಯರಿಗೆ ಪೆಟ್ಟಾದದ್ದು ಓದಿ ಬೇಸರವಾಯಿತು. ಆದರೆ ಟ್ರಾಲಿಯನ್ನು ಅಲ್ಲಿಗೆ ತಳ್ಳಿ ತಂದವರು ಅಂಗಡಿಯವರಲ್ಲ, ಅಲ್ವಾ? ಕಳುವಾದ ಸೈಕಲ್ ಚರಂಡಿಯಲ್ಲಿ ಸಿಕ್ಕಿದರೆ ಸೈಕಲ್ ಕಳೆದುಕೊಂಡವರಿಗೆ ದಂಡ ಹಾಕುತ್ತೇವಾ?

ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರ ಗುರುತಿನ ಫಲಕ ಇರುವ ಟ್ರಾಲಿಯನ್ನು ಒಪ್ಪಿಗೆ ಇಲ್ಲದೆ ಹೊರಗೆ ಒಯ್ಯುವುದೇ ಅಪರಾಧ. ಟ್ರಾಲಿ ಸಿಕ್ಕಿದೆ ಎಂದು ತಿಳಿಸಿದ ಮೇಲೆ ಮಾಲೀಕರಿಗೆ ಅದನ್ನು ಒಯ್ಯಲು 3 ಕೆಲಸದ ದಿನಗಳ ಅವಕಾಶವೂ ಇದೆ. ಇಷ್ಟು ಸಾಕು ಅನ್ನಿಸುತ್ತದೆ. ಚಕ್ರಕ್ಕೂ ಸರಪಳಿಗೂ ಬೀಗ ಹಾಕಿ ಅನ್ನುವವರು ಬಂದ ಗಿರಾಕಿಗಳನ್ನೆಲ್ಲ ಕಳ್ಳರ ಹಾಗೆ ನೋಡಿ ಅಂತಲೇ ಹೇಳುತ್ತಿದ್ದಾರೆ. ಜೊತೆಗೆ, ದಂಡದ ದುಡ್ಡು ಕೊನೆಗೆ ಸಾಮಾನಿನ ಬೆಲೆಯ ಮೇಲೇ ಬೀಳುತ್ತದೆ. ದಂಡಕ್ಕೆ ಹೆದರಿದ ಸಣ್ಣ ಅಂಗಡಿಯವರು ಟ್ರಾಲಿಯನ್ನೇ ತೆಗೆದುಬಿಟ್ಟರೆ, ಬುಟ್ಟಿ ಹೊತ್ತು ಸುತ್ತಬೇಕಾದವರು ವಯಸ್ಸಾದವರೇ.