ಹೊದಿಕೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಅಮ್ಮ

ಸೊಂಟದ ಮೂಳೆ ಆಪರೇಷನ್ ಆದ ಮೂರನೇ ರಾತ್ರಿ. ಅಮ್ಮ ಅರೆಗಣ್ಣು ಬಿಟ್ಟುಕೊಂಡು ಆಸ್ಪತ್ರೆಯ ಹಸಿರು ಹೊದಿಕೆಯ ಮೇಲೆ ಏನನ್ನೋ ಹೆಕ್ಕುತ್ತಿದ್ದಳು. ಹೆಬ್ಬೆರಳು ತೋರುಬೆರಳು ಜೋಡಿಸಿ ಒಂದೊಂದೇ ಎತ್ತಿ ಪಕ್ಕಕ್ಕೆ ಹಾಕೋದು, ಅಂಗೈಯಲ್ಲಿ ಸವರೋದು, ಮತ್ತೆ ಹೆಕ್ಕೋದು. ಐವತ್ತು ವರ್ಷ ಮೊರದ ಮುಂದೆ ಕೂತು ಕಲ್ಲು, ಬತ್ತ ಆರಿಸಿದ ಕೈ ಅದು. ನೋಡಿದ ಕೂಡಲೇ ಗುರುತು ಹತ್ತಿತು. "ಏನಮ್ಮ ಮಾಡ್ತಿದ್ದೀಯ?" ಅಂದರೆ ನನ್ನ ಕಡೆ ತಿರುಗಲೂ ಇಲ್ಲ.

ಜೊತೆಗಿದ್ದ ಸೋದರತ್ತೆ ಎದ್ದು ಬಂದು ಮಂಚದ ಪಕ್ಕದಲ್ಲೇ ನಿಂತು ಹೇಳಿದರು: "ಹಾಸಿಗೆ ತಡಕೋಕೆ ಶುರು ಮಾಡಿದ್ರೆ ಮುಗೀತು ಕಣೋ. ನಮ್ಮಪ್ಪಂಗೂ ಹಿಂಗೇ ಆಗಿತ್ತು. ಎಲ್ಲಾರಿಗೂ ಫೋನ್ ಮಾಡ್ಬಿಡು."

ನರ್ಸ್ ಬಂದು, "ವಯಸ್ಸಾದೋರಿಗೆ ಆಪರೇಷನ್ ಆದ್ಮೇಲೆ ಇದೆಲ್ಲ ಕಾಮನ್ ಸರ್" ಅಂದು, ಡ್ರಿಪ್ ಕಿತ್ತುಕೊಳ್ಳದ ಹಾಗೆ ಎರಡೂ ಕೈಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಕಂಬಿಗೆ ಕಟ್ಟಿದರು. ಕಟ್ಟಿದ ಮೇಲೂ ಬೆರಳು ಆಡುತ್ತಲೇ ಇದ್ದವು. ಬಹುಶಃ ಇನ್ನೂ ಜೋರಾಗಿ.

ಆ ಕೈಚಲನೆಗೆ ಒಂದು ಹೆಸರಿದೆ ಅಂತ ಗೊತ್ತಾಗಿದ್ದು ಆಮೇಲೆ. ಕಾರ್ಫಾಲಜಿ. ಗ್ರೀಕ್‌ನಲ್ಲಿ 'ಕಾರ್ಫೋಸ್' ಅಂದರೆ ಒಣಹುಲ್ಲಿನ ಚೂರು. ಕಾರ್ಫಾಲಜಿ ಅಂದರೆ ಹುಲ್ಲುಕಡ್ಡಿ ಹೆಕ್ಕುವುದು. ಉಣ್ಣೆಯ ಎಳೆ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದ ಫ್ಲಾಕ್ಸಿಲೇಷನ್ ಅನ್ನೋ ಹೆಸರೂ ಅದಕ್ಕೇ. ಎರಡು ಸಾವಿರ ವರ್ಷಕ್ಕೂ ಹಿಂದಿನ, ಗ್ರೀಕ್ ವೈದ್ಯ ಹಿಪ್ಪೊಕ್ರೇಟಸ್‌ನ ಹೆಸರಿನಲ್ಲಿರುವ ಗ್ರಂಥ, ಜೋರು ಜ್ವರದಲ್ಲಿ ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ, ಹೊದಿಕೆಯ ಎಳೆ ಕೀಳುತ್ತ, ಗೋಡೆಯಿಂದ ಹುಲ್ಲು ಹೆಕ್ಕುತ್ತ ಇದ್ದರೆ ಅದು ಸಾವಿನ ಲಕ್ಷಣ ಅನ್ನುತ್ತದೆ. ನಮ್ಮ ಆಯುರ್ವೇದದ ಚರಕ ಸಂಹಿತೆಯಲ್ಲಿ ಸಾವಿನ ಲಕ್ಷಣಗಳನ್ನು ಹೇಳುವ ಇಂದ್ರಿಯಸ್ಥಾನ ಅನ್ನುವ ಭಾಗವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ಹಾಸಿಗೆಯಲ್ಲಿ, ಮೈಮೇಲೆ, ಗೋಡೆಯಲ್ಲಿ ಇಲ್ಲದ್ದನ್ನು ಹುಡುಕುವವನು ಕಾಲನ ಪ್ರೇರಣೆಗೆ ಒಳಗಾದವನು. ಅತ್ತೆ ಇಬ್ಬರನ್ನೂ ಓದಿಲ್ಲ. ಕಣ್ಣಾರೆ ಕಂಡು ಅವರೂ ಅದೇ ತೀರ್ಮಾನಕ್ಕೆ ಬಂದಿದ್ದರು.

ಅವರ ಕಣ್ಣು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೊನೆಗಾಲದಲ್ಲಿ ಇದು ಕಾಣಿಸಿಕೊಳ್ಳುವುದು ನಿಜ. ಆದರೆ ಹಿಪ್ಪೊಕ್ರೇಟಸ್‌ಗೂ ಚರಕನಿಗೂ ರಕ್ತದಲ್ಲಿ ಸೋಡಿಯಂ ಅನ್ನುವ ಉಪ್ಪಿನಂಶ ಎಷ್ಟಿದೆ ಅಂತ ನೋಡುವ ದಾರಿ ಇರಲಿಲ್ಲ. ನಮಗಿದೆ. ಹಾಗಿದ್ದೂ ಸಾವು ಬಂತು ಅಂತಲೋ, ವಯಸ್ಸಾಯ್ತು ಅಂತಲೋ ಹೇಳಿ ಸುಮ್ಮನಾಗುವುದು ನನಗೆ ಸಿಟ್ಟು ತರಿಸುತ್ತದೆ.

ಬೆಳಗ್ಗೆ ಡ್ಯೂಟಿಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೊದಲು ಕೇಳಿದ್ದು, "ಮನೇಲಿ ಯಾವ್ಯಾವ ಮಾತ್ರೆ ತಗೋತಿದ್ರು?" ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿತ್ತು. ಅದರಿಂದ ಸೋಡಿಯಂ ಇಳಿಯಬಹುದು, ತುಂಬಾ ಇಳಿದರೆ ಬುದ್ಧಿ ಕಲಸಿಹೋಗುತ್ತೆ. 135ರಿಂದ 145ರ ಒಳಗೆ ಇರಬೇಕಾದ ಸೋಡಿಯಂ 116ಕ್ಕೆ ಇಳಿದಿತ್ತು. ಅದನ್ನು ಒಂದೇ ಏಟಿಗೆ ಏರಿಸುವ ಹಾಗಿಲ್ಲ, ಮಿದುಳಿಗೇ ಪೆಟ್ಟು ಬೀಳುತ್ತೆ ಅಂತ ನಾಲ್ಕು ದಿನ ನಿಧಾನವಾಗಿ ಏರಿಸಿದರು. ಕೈ ಬಿಚ್ಚಿಸಿದರು. ಬ್ಯಾಗಿನಲ್ಲಿ ಬಿದ್ದಿದ್ದ ಕನ್ನಡಕ ಹಾಕಿಸಿದರು. ಎದುರಿಗೆ ಗಡಿಯಾರ ಇಡಿ, ಇವತ್ತು ಯಾವ ವಾರ ಅಂತ ಹೇಳ್ತಾ ಇರಿ ಅಂದರು. ಕನ್ನಡಕದಿಂದ ಏನಾಗುತ್ತೆ ಅಂತ ನಾನೂ ನಕ್ಕಿದ್ದೆ. ಕಣ್ಣು ಕಿವಿ ಮಂಜಾದ ಮುದುಕರ ಮಿದುಳು, ಗೊತ್ತಿಲ್ಲದ ಕೋಣೆಯಲ್ಲಿ ತನಗೆ ತೋಚಿದ ಲೋಕ ಕಟ್ಟಿಕೊಳ್ಳುತ್ತದಂತೆ.

ಹೀಗೆ ಇದ್ದಕ್ಕಿದ್ದ ಹಾಗೆ ಬುದ್ಧಿ ಕಲಸಿಹೋಗುವುದಕ್ಕೆ ನಮ್ಮಲ್ಲಿ 'ಸನ್ನಿ' ಅನ್ನುವ ಒಳ್ಳೇ ಮಾತಿತ್ತು. ಈಗ ಅದು ಬೈಗುಳವಾಗಿ ಉಳಿದಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಡೆಲಿರಿಯಂ ಅಂತಾರೆ, ನಾವು ತಪ್ಪಾಗಿ ಅರಳುಮರಳು ಅಂತೀವಿ. ಆದರೆ ಅರಳುಮರಳು ವರ್ಷಗಟ್ಟಲೆ ಮೆಲ್ಲಗೆ ಕವಿಯುವಂಥದ್ದು. ಸನ್ನಿ ಗಂಟೆಗಳಲ್ಲಿ, ದಿನಗಳಲ್ಲಿ ಹಿಡಿಯುತ್ತೆ, ಬೆಳಗ್ಗೆ ಇಳಿದು ಸಂಜೆ ಏರುತ್ತೆ. ಮೂತ್ರದ ಸೋಂಕು, ಮೂತ್ರ ಕಟ್ಟಿಕೊಂಡಿರೋದು, ಮಲಬದ್ಧತೆ, ದಿನಾ ಕುಡಿಯುತ್ತಿದ್ದವರಿಗೆ ಹಠಾತ್ತಾಗಿ ಹೆಂಡ ನಿಂತಿದ್ದು, ಯಾವುದರಿಂದ ಬೇಕಾದರೂ ಬರಬಹುದು. ಉಮ್ಮತ್ತಿ ಕಾಯಿ ತಿಂದವರೂ ಹೀಗೇ ಗಾಳಿಯಲ್ಲಿ ಹೆಕ್ಕುತ್ತಾರೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೇ ಸಿಗುವ ಕೆಲವು ನೆಗಡಿ ಮಾತ್ರೆಗಳಿಗೂ ಅದೇ ಗುಣ ಸ್ವಲ್ಪ ಇದೆ, ಮುದುಕರಿಗೆ ಆ ಸ್ವಲ್ಪವೇ ಸಾಕು. ಹಾಗಾಗಿ "ನಿನ್ನೆವರೆಗೂ ಹೀಗಿರಲಿಲ್ಲ" ಅನ್ನೋ ಒಂದು ಮಾತನ್ನು ಡಾಕ್ಟರಿಗೆ ಹೇಳಿ. ಅದು ಅವರಿಗೆ ಗೊತ್ತಿರೋದಿಲ್ಲ, ನಿಮಗೆ ಮಾತ್ರ ಗೊತ್ತು.

ಇನ್ನೊಂದು. ಎರಡನೇ ಶತಮಾನದ ವೈದ್ಯ ಗ್ಯಾಲೆನ್‌ಗೆ ಹುಡುಗನಾಗಿದ್ದಾಗ ಜೋರು ಜ್ವರ ಬಂದಿತ್ತಂತೆ. ಹಾಸಿಗೆಯಲ್ಲಿ ಕಪ್ಪು ಹುಲ್ಲುಕಡ್ಡಿ ಕಂಡು ಹೆಕ್ಕುತ್ತಿದ್ದ. ಪಕ್ಕದಲ್ಲಿದ್ದ ಗೆಳೆಯರಿಬ್ಬರು, ಇವನಾಗಲೇ ಹುಲ್ಲು ಹೆಕ್ಕೋಕೆ ಶುರು ಮಾಡಿದ ಅಂತ ಮಾತಾಡಿಕೊಂಡಿದ್ದು ಅವನಿಗೆ ಪೂರ್ತಿ ಕೇಳಿಸಿತು. ನೀವು ಹೇಳೋದು ಸರಿ, ಏನಾದರೂ ಮಾಡಿ ಅಂತ ಅವರನ್ನೇ ಕೇಳಿಕೊಂಡ. ಮುಂದೆ ಅದನ್ನು ತಾನೇ ಬರೆದಿಟ್ಟ.

ಅಮ್ಮ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾಳೆ. ಮೊನ್ನೆ ಕಾಫಿ ಕುಡಿಯುತ್ತ ಇದ್ದಕ್ಕಿದ್ದ ಹಾಗೆ ಕೇಳಿದಳು: "ಅವತ್ತು ಫೋನ್ ಮಾಡ್ಬಿಡು ಅಂದ್ಳಲ್ಲ ನಿಮ್ಮತ್ತೆ, ಯಾರ್ಯಾರಿಗೆ ಮಾಡಿದ್ದೆ?"

ಇಬ್ಬರಿಗೆ ಮಾಡಿದ್ದೆ. ಅವಳಿಗಿನ್ನೂ ಹೇಳಿಲ್ಲ.