ಕೆಲಸ ಹೋದವರ ಲೆಕ್ಕ ಬೇಕು, ಕೆಲಸ ಹೋದವರು ಬೇಡ್ವಾ?

ಹೊರದೇಶದ ಅಗ್ಗದ ಮಾಲು ಬಂದು ಇಲ್ಲಿನ ಕಾರ್ಖಾನೆಗಳಿಗೆ ಪೆಟ್ಟು ಬಿದ್ದರೆ ದೂರು ಕೇಳೋಕೆ ದೆಹಲಿಯಲ್ಲಿ ಒಂದು ಕಚೇರಿಯೇ ಇದೆ. ವಾಣಿಜ್ಯ ಸಚಿವಾಲಯದ ಡಿಜಿಟಿಆರ್. ತಯಾರಕರು ಅರ್ಜಿ ಹಾಕುತ್ತಾರೆ, ಅಧಿಕಾರಿಗಳು ತನಿಖೆ ಮಾಡುತ್ತಾರೆ, ಹಾನಿ ಆಗಿದೆ ಅಂತ ಕಂಡರೆ ಆಂಟಿ ಡಂಪಿಂಗ್ ಸುಂಕ, ಅಂದರೆ ಅಂಥ ಅಗ್ಗದ ಮಾಲಿನ ಮೇಲೆ ಹೆಚ್ಚುವರಿ ತೆರಿಗೆ, ಹಾಕಿ ಅಂತ ಶಿಫಾರಸು ಮಾಡುತ್ತಾರೆ. ಹಾನಿ ಅಳೆಯೋಕೆ ಏನೇನು ನೋಡಬೇಕು ಅಂತ 1995ರ ನಿಯಮಗಳಲ್ಲಿ ಬರೆದಿದೆ. ಮಾರಾಟ, ಲಾಭ, ಉತ್ಪಾದನೆಯ ಜೊತೆಗೆ ಉದ್ಯೋಗ ಮತ್ತು ಕೂಲಿ ಕೂಡ ಆ ಪಟ್ಟಿಯಲ್ಲಿದೆ. ಅಂದರೆ ಎಷ್ಟು ಜನರ ಕೆಲಸ ಹೋಯಿತು ಅನ್ನೋದು ಅಲ್ಲಿ ಸಾಕ್ಷಿ. ಸುಂಕ ಬಿದ್ದರೆ ಉಳಿದುಕೊಂಡ ಕಾರ್ಖಾನೆಗಳು ಚೇತರಿಸಿಕೊಳ್ಳುತ್ತವೆ. ಸುಂಕದ ಹಣ ಖಜಾನೆಗೆ ಹೋಗುತ್ತೆ. ಯಾರ ಕೆಲಸ ಹೋಗಿದ್ದನ್ನು ತೋರಿಸಿ ಇದೆಲ್ಲ ಆಯಿತೋ ಅವರಿಗೆ ಅದರಲ್ಲಿ ಒಂದು ರೂಪಾಯಿ ಇಲ್ಲ. ಇದು ಯಾವ ನ್ಯಾಯ?

ನಮ್ಮಣ್ಣ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಕ್ರೂ ಮಾಡುವ ಮಷೀನಿನ ಆಪರೇಟರ್ ಆಗಿದ್ದ. ಮದುವೆಗೆ ಮುಂಚೆ ಸೇರಿದವನು, ಮಗಳು ಹೈಸ್ಕೂಲಿಗೆ ಬರೋ ತನಕ ಅಲ್ಲೇ ದುಡಿದ. ನಾವು ಕಬ್ಬಿಣದ ತಂತಿ ಕೊಳ್ಳೋ ರೇಟಿಗೆ ಚೀನಾದ ರೆಡಿ ಸ್ಕ್ರೂ ಬಂದು ಬೀಳ್ತಿದೆ ಅಂತ ಮಾಲೀಕರು ಹೇಳೋಕೆ ಶುರು ಮಾಡಿದರು. ಅದು ಸುಳ್ಳೇನಲ್ಲ. ಮೊದಲು ಓಟಿ ನಿಂತಿತು. ಆಮೇಲೆ ರಾತ್ರಿ ಶಿಫ್ಟ್ ನಿಂತಿತು. ಕೊನೆಗೆ ಗೇಟಿಗೆ ಬೀಗ.

2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕೆಜಿಗೆ 129 ರೂಪಾಯಿಗಿಂತ ಕಡಿಮೆ ಬೆಲೆಯ ಕೆಲವು ಬಗೆಯ ಸ್ಕ್ರೂಗಳ ಆಮದು ನಿಷೇಧಿಸಿತು. ಒಳ್ಳೇದೇ ಆಯಿತು. ಆದರೆ ಅಣ್ಣನ ಕಾರ್ಖಾನೆಯ ಮಷೀನುಗಳು ಅಷ್ಟರಲ್ಲಿ ಗುಜರಿಗೆ ಹೋಗಿದ್ದವು. ಅಗ್ಗದ ಆಮದಿನಿಂದ ಈ ಕಸುಬು ಹಾಳಾಗುತ್ತಿದೆ ಅಂತ ಸರ್ಕಾರವೇ ಒಪ್ಪಿಕೊಂಡ ಮೇಲೆ, ಅದಕ್ಕೂ ಮುಂಚೆ ಬೀದಿಗೆ ಬಿದ್ದವರು ಎಲ್ಲಿದ್ದಾರೆ, ಏನು ಮಾಡ್ತಿದ್ದಾರೆ ಅಂತ ಯಾರಾದರೂ ಕೇಳಬೇಕಿತ್ತು ಅಲ್ವಾ?

ಇಎಸ್‌ಐ ಅನ್ನೋ ಕಾರ್ಮಿಕರ ವಿಮೆ ಇದೆಯಲ್ಲ ಅನ್ನುತ್ತೀರಿ. ಇದೆ. ಅದರಲ್ಲಿ ಎರಡು ಯೋಜನೆಗಳಿವೆ. 2005ರ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ ಕಾರ್ಖಾನೆ ಮುಚ್ಚಿದರೆ ಎರಡು ವರ್ಷ ಭತ್ಯೆ ಸಿಗುತ್ತೆ, ಮೊದಲ ವರ್ಷ ಕೂಲಿಯ ಅರ್ಧ, ಎರಡನೇ ವರ್ಷ ಕಾಲು ಭಾಗ. 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಬರೀ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ. ಶುರುವಿನಲ್ಲಿ ಕೂಲಿಯ ಕಾಲು ಭಾಗ ಕೊಡುತ್ತಿದ್ದರು, ಕೋವಿಡ್ ಬಂದಾಗ ಅರ್ಧ ಮಾಡಿದರು.

ಎರಡಕ್ಕೂ ಒಂದು ಷರತ್ತು: ನೀವಾಗಿ ಕೆಲಸ ಬಿಟ್ಟಿರಬಾರದು. ಅಣ್ಣನ ಕೈಲಿ, ಅವನ ಜೊತೆಯವರ ಕೈಲಿ ಮಾಲೀಕರು ರಾಜೀನಾಮೆ ಬರೆಸಿಕೊಂಡಿದ್ದರು. "ಇಲ್ಲಿ ಸಹಿ ಹಾಕಿ, ಇವತ್ತೇ ಫುಲ್ ಆಂಡ್ ಫೈನಲ್ ಸೆಟಲ್‌ಮೆಂಟ್ ಮಾಡಿ ಕಳಿಸ್ತೀನಿ" ಅಂದರೆ, ಸಾಲದ ಕಂತು ತಲೆ ಮೇಲಿರುವ ಯಾರು ತಾನೇ ಇಲ್ಲ ಅಂತಾರೆ? ಆ ಒಂದು ಸಹಿಯಿಂದ ಸರ್ವೀಸಿನ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದ ಪರಿಹಾರ ಹೋಯಿತು. ಇಎಸ್‌ಐ ಭತ್ಯೆಯೂ ಹೋಯಿತು. ಕಚೇರಿಯಲ್ಲಿ ದಾಖಲೆ ನೋಡಿ, "ನೀವೇ ಬಿಟ್ಟಿದ್ದೀರಲ್ಲ" ಅಂದರು. ಬಾಗಿಲು ಹಾಕಿದ ಕಾರ್ಖಾನೆಯನ್ನು ಮನುಷ್ಯ ತಾನಾಗಿ ಬಿಡೋದು ಹೇಗೆ ಸ್ವಾಮಿ?

ಅಣ್ಣನ ಸೀನಿಯರ್ ಒಬ್ಬರಿಗೆ ಅರ್ಜಿ ಹಾಕೋ ಭಾಗ್ಯವೂ ಇರಲಿಲ್ಲ. ಅವರ ಸಂಬಳ 21,000 ದಾಟಿತ್ತು. ಇಎಸ್‌ಐ ಮಿತಿ 2017ರಿಂದ ಅಷ್ಟೇ. ಬೆಂಗಳೂರಲ್ಲಿ 22,000 ತಗೊಳ್ಳುವವರು ಅಷ್ಟು ಅನುಕೂಲಸ್ಥರಾ? ಇನ್ನು ಹತ್ತು ಜನರಿಗಿಂತ ಕಡಿಮೆ ಇರುವ ಶೆಡ್ಡುಗಳಲ್ಲಿ ದುಡಿಯೋರಿಗಂತೂ ಇಎಸ್‌ಐ ಸಾಮಾನ್ಯವಾಗಿ ಕಡ್ಡಾಯವೇ ಅಲ್ಲ. ಪೀಣ್ಯದ ಒಳರಸ್ತೆಗಳಲ್ಲಿ ಅಂಥ ಶೆಡ್ಡುಗಳು ಎಷ್ಟಿವೆ ಅಂತ ಅಲ್ಲಿ ಓಡಾಡಿದವರಿಗೆ ಗೊತ್ತು.

ಹೊಸ ಕಾರ್ಮಿಕ ಸಂಹಿತೆಯಲ್ಲಿ ಬೇರೆ ಕೆಲಸ ಕಲಿಯೋಕೆ ಅಂತ ಒಂದು ನಿಧಿ ಇಟ್ಟಿದ್ದಾರೆ. ಕೆಲಸದಿಂದ ತೆಗೆದ ಒಬ್ಬೊಬ್ಬರಿಗೂ ಮಾಲೀಕರು ಆ ನಿಧಿಗೆ ಕಟ್ಟಬೇಕಾದದ್ದು 15 ದಿನದ ಸಂಬಳ. ಹದಿನೈದು ದಿನದ ಸಂಬಳದಲ್ಲಿ ನಲವತ್ತೈದು ವಯಸ್ಸಿನ ಆಪರೇಟರ್ ಯಾವ ಕೆಲಸ ಕಲಿಯಬೇಕು? ಅದಕ್ಕೂ ರಾಜೀನಾಮೆ ಕೊಟ್ಟಿರಬಾರದು.

ಕೆಲಸ ಹೋದವರಿಗೆ ನೆರವಾಗೋದೇನು ಆಗದ ಹೋಗದ ಮಾತಲ್ಲ. ಆಮದಿನಿಂದ ಕೆಲಸ ಹೋದವರಿಗೆ ಅಂತಲೇ ಅಮೆರಿಕದಲ್ಲಿ 1962ರಲ್ಲೇ ಯೋಜನೆ ಬಂತು. ಮೂರು ಜನ ಕಾರ್ಮಿಕರು ಸೇರಿ ನೇರವಾಗಿ ಅರ್ಜಿ ಹಾಕಬಹುದಿತ್ತು, ಮಾಲೀಕರ ಕೈಕಾಲು ಹಿಡಿಯಬೇಕಿರಲಿಲ್ಲ. ತರಬೇತಿ ಇತ್ತು, ತರಬೇತಿ ಮುಗಿಯೋ ತನಕ ಭತ್ಯೆ ಇತ್ತು. 50 ದಾಟಿದವರು ಕಡಿಮೆ ಸಂಬಳದ ಕೆಲಸಕ್ಕೆ ಸೇರಿದರೆ ಕೊರತೆಯ ಒಂದು ಪಾಲನ್ನು ಸರ್ಕಾರ ತುಂಬಿಕೊಡುತ್ತಿತ್ತು. 2022ರ ಜುಲೈಯಿಂದ ಅಲ್ಲೂ ಹೊಸ ಅರ್ಜಿಗಳಿಗೆ ಮಂಜೂರಾತಿ ನಿಲ್ಲಿಸಿದ್ದಾರೆ, ಅದೂ ಅನ್ಯಾಯವೇ. ಆದರೆ ದೇಶದ ವ್ಯಾಪಾರಕ್ಕಾಗಿ ಕೆಲಸ ಕಳಕೊಂಡವರಿಗೆ ದೇಶ ಏನೋ ಕೊಡಬೇಕು ಅಂತ ಅವರು ಕಾನೂನು ಮಾಡಿ ಒಪ್ಪಿದ್ದರು. ನಾವು ಇನ್ನೂ ಆ ಮಾತನ್ನೇ ಎತ್ತಿಲ್ಲ.

ಸುಂಕ ಕೇಳೋಕೆ ಹೋಗುವ ತಯಾರಕರು ಎಷ್ಟು ಜನರ ಕೆಲಸ ಹೋಯಿತು ಅಂತ ಬರೆಯುತ್ತಾರಲ್ಲ, ಅವರ ಹೆಸರು, ಇಎಸ್‌ಐ ನಂಬರ್, ಪಿಎಫ್ ನಂಬರನ್ನೂ ಅಲ್ಲೇ ಬರೆಯಲಿ. ಹಾನಿ ಆಗಿದೆ ಅಂತ ಆದೇಶ ಬಂದ ದಿನವೇ ಆ ಪಟ್ಟಿಯಲ್ಲಿರುವವರ ಖಾತೆಗೆ ಸುಂಕದ ಹಣದಿಂದ ಭತ್ಯೆ ಶುರುವಾಗಲಿ. ಅದಕ್ಕೂ ಹಿಂದಿನ ಐದು ವರ್ಷದಲ್ಲಿ ಅದೇ ಕಸುಬಿನಲ್ಲಿ ಕೆಲಸ ಕಳಕೊಂಡವರನ್ನೂ ಸೇರಿಸಿಕೊಳ್ಳಲಿ. ಬಾಗಿಲು ಹಾಕಿದ ಕಾರ್ಖಾನೆಯ ಮಾಲೀಕರು ಬರೆಸಿಕೊಂಡ ರಾಜೀನಾಮೆಯನ್ನು ರಾಜೀನಾಮೆ ಅಂತ ಯಾವ ಕಚೇರಿಯೂ ಒಪ್ಪಬಾರದು.